ಕಾಂತತ್ವ ಮತ್ತು ವಿದ್ಯುತ್ಕಾಂತತ್ವ

ಕಬ್ಬಿಣವನ್ನು ಸೆಳೆಯುವ, ದಾರದಲ್ಲಿ ತೂಗುಬಿಟ್ಟಾಗ ಉತ್ತರ-ದಕ್ಷಿಣವಾಗಿ ನಿಲ್ಲುವ ಗುಣವಾಗಿ ಮನುಷ್ಯನಿಗೆ ಮೊದಲು ಪರಿಚಯವಾದ ಕಾಂತತ್ವ ಮೂಲದಲ್ಲಿ ವಿದ್ಯುತ್ತಿನದೇ ಇನ್ನೊಂದು ಮುಖ. ಚಲಿಸುವ ವಿದ್ಯುದಾವೇಶ ತನ್ನ ಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಬದಲಾಗುವ ಕಾಂತಕ್ಷೇತ್ರ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಈ ಎರಡು ಸಂಗತಿಗಳ ಮೇಲೆ ನಿಂತ ಶಾಸ್ತ್ರವೇ ವಿದ್ಯುತ್ಕಾಂತತ್ವ. ಮೊದಲನೆಯದು 1820ರಲ್ಲಿ, ಎರಡನೆಯದು 1831ರಲ್ಲಿ ಪತ್ತೆಯಾದವು. ವಿದ್ಯುತ್ ಜನಕ, ಮೋಟಾರು, ಪರಿವರ್ತಕ, ರೇಡಿಯೊ ಎಲ್ಲವೂ ಈ ಹನ್ನೊಂದು ವರ್ಷಗಳಲ್ಲಿ ಬಿದ್ದ ತಳಪಾಯದ ಮೇಲೆ ಎದ್ದವು.

ಶಾಲೆಯಲ್ಲಿ ಈ ವಿಷಯ ದಂಡಕಾಂತದಿಂದ ಆರಂಭವಾಗುತ್ತದೆ. ಮಗುವಿನ ಕೈಗೆ ಸುಲಭವಾಗಿ ಸಿಗುವ ವಸ್ತು ಅದು, ಹಾಗಾಗಿ ಆ ಕ್ರಮ ಸಹಜವೇ. ಆದರೆ ಏಕೆ ಹೀಗೆ ಎಂದು ಕೇಳತೊಡಗಿದರೆ ದಂಡಕಾಂತದಷ್ಟು ಕಠಿಣವಾದದ್ದು ಈ ಪಾಠದಲ್ಲಿ ಇನ್ನೊಂದಿಲ್ಲ. ತಂತಿಯಲ್ಲಿ ಹರಿಯುವ ಪ್ರವಾಹದ ಕಾಂತತ್ವ ಅದಕ್ಕಿಂತ ಎಷ್ಟೋ ಸರಳ. ಆದ್ದರಿಂದ ಇಲ್ಲಿ ಕಾಂತದ ಹೊರಗಿನ ನಡವಳಿಕೆಯನ್ನು ಮೊದಲು ಹೇಳಿ, ಅದರ ಒಳಗುಟ್ಟನ್ನು ತಂತಿ-ಸುರುಳಿಗಳ ವಿಚಾರ ಮುಗಿದ ಮೇಲೆ ಕೊಡಲಾಗಿದೆ.

ಸೂಜಿಗಲ್ಲು

ನಿಸರ್ಗದಲ್ಲಿ ಸಿಗುವ ಕಾಂತ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಮೂರು ಪರಮಾಣು ಕಬ್ಬಿಣಕ್ಕೆ ನಾಲ್ಕು ಪರಮಾಣು ಆಮ್ಲಜನಕ ಸೇರಿದ ಈ ಕಪ್ಪು ಖನಿಜ ಕಾಂತಕ್ಕೆ ಬಲವಾಗಿ ಅಂಟುತ್ತದೆ. ಅದರ ಕೆಲವು ತುಂಡುಗಳು ತಾವೇ ಕಾಂತಗಳಾಗಿರುತ್ತವೆ, ಅವು ಸೂಜಿಗಲ್ಲುಗಳು. ಕರ್ನಾಟಕದ ಎರಡು ಗಣಿ ಸೀಮೆಗಳನ್ನು ಹೋಲಿಸಿದರೆ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಬಳ್ಳಾರಿ-ಸಂಡೂರು ಭಾಗದ ಹೆಮಟೈಟ್ ಅದಿರಿನಲ್ಲಿ ಕಬ್ಬಿಣ ಹೇರಳವಾಗಿದೆ, ಆದರೂ ಸಾಮಾನ್ಯ ಕಾಂತ ಅದನ್ನು ಸೆಳೆಯುವುದಿಲ್ಲವೆಂದೇ ಹೇಳಬಹುದು. ಕುದುರೆಮುಖದ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ, ಆದರೆ ಅದನ್ನು ಪುಡಿಮಾಡಿ ಕಾಂತಗಳ ನೆರವಿನಿಂದ ಕಲ್ಲಿನ ಅಂಶವನ್ನು ಬೇರ್ಪಡಿಸಲು ಸಾಧ್ಯವಿತ್ತು. 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವ ತನಕ ಹೀಗೆ ಸಾರ ತೆಗೆದ ಅದಿರು ನೀರಿನೊಡನೆ ಬೆರೆತು ಕೊಳವೆಯಲ್ಲಿ ಮಂಗಳೂರಿನ ಕಡಲತೀರಕ್ಕೆ ಹರಿಯುತ್ತಿತ್ತು. ಕಬ್ಬಿಣ ಎಷ್ಟಿದೆ ಎಂಬುದಕ್ಕಿಂತ ಅದರ ಪರಮಾಣುಗಳು ಯಾವ ಜೋಡಣೆಯಲ್ಲಿವೆ ಎಂಬುದೇ ಕಾಂತಗುಣವನ್ನು ನಿರ್ಧರಿಸುತ್ತದೆ. ಹೊಳೆಮರಳಿನಲ್ಲಿ ಕಾಂತವನ್ನು ಆಡಿಸಿದರೆ ಅಂಟಿಕೊಂಡು ಬರುವ ಕಪ್ಪು ಕಣಗಳೂ ಬಹುಪಾಲು ಮ್ಯಾಗ್ನೆಟೈಟೇ.

ದೇಹಕ್ಕೆ ನಾಟಿದ ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ಹೊರತೆಗೆಯುವ ಮಾತು ಸುಶ್ರುತ ಸಂಹಿತೆಯಲ್ಲಿದೆ. ಸೂಜಿಗಲ್ಲಿಗೆ ಉಜ್ಜಿದ ಸೂಜಿ ದಿಕ್ಕು ತೋರುತ್ತದೆ, ಆದರೆ ನಿಜವಾದ ದಕ್ಷಿಣಕ್ಕಿಂತ ತುಸು ಪೂರ್ವಕ್ಕೆ ವಾಲುತ್ತದೆ ಎಂದು ಚೀನಾದ ಶೆನ್ ಕುವೊ 1088ರ ಸುಮಾರಿಗೆ ಬರೆದಿಟ್ಟ. 1269ರಲ್ಲಿ ಪೀಟರ್ ಪೆರೆಗ್ರಿನಸ್ ಎಂಬ ಫ್ರೆಂಚ್ ವಿದ್ವಾಂಸ ಕಾಂತದ ಎರಡು ಧ್ರುವಗಳನ್ನು ಗುರುತಿಸಿ, ಕಾಂತವನ್ನು ಮುರಿದರೆ ಪ್ರತಿ ತುಂಡಿಗೂ ಎರಡೆರಡು ಧ್ರುವಗಳಿರುತ್ತವೆ ಎಂದು ತೋರಿಸಿದ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಸೂಜಿಗಲ್ಲನ್ನು ಗೋಳವಾಗಿ ಕಡೆದು, ಅದರ ಮೇಲೆ ಪುಟ್ಟ ಸೂಜಿಗಳನ್ನು ಓಡಾಡಿಸಿ ನೋಡಿದ. ಭೂಮಿಯೇ ಒಂದು ದೊಡ್ಡ ಕಾಂತ ಎಂಬ ಅವನ ತೀರ್ಮಾನ 1600ರಲ್ಲಿ ಪುಸ್ತಕವಾಗಿ ಹೊರಬಂತು. ಕಾಯಿಸಿ ಕೆಂಪಾದ ಕಬ್ಬಿಣ ಕಾಂತಗುಣವನ್ನು ಕಳೆದುಕೊಳ್ಳುತ್ತದೆ ಎಂಬುದನ್ನೂ ಅವನು ಬಲ್ಲವನಾಗಿದ್ದ. ಮಾತಿನ ಊಹೆಗಳಿಂದ ಕಾಂತತ್ವವನ್ನು ಬಿಡಿಸಿ ಪ್ರಯೋಗದ ನೆಲೆಗೆ ತಂದ ಗೌರವ ಅವನಿಗೆ ಸಲ್ಲಬೇಕು.

ಧ್ರುವ, ಕ್ಷೇತ್ರ, ಬಲರೇಖೆ

ತೂಗುಬಿಟ್ಟ ದಂಡಕಾಂತದಲ್ಲಿ ಉತ್ತರಕ್ಕೆ ತಿರುಗುವ ತುದಿ ಉತ್ತರ ಧ್ರುವ, ದಕ್ಷಿಣಕ್ಕೆ ತಿರುಗುವುದು ದಕ್ಷಿಣ ಧ್ರುವ. ಸಜಾತಿ ಧ್ರುವಗಳು ವಿಕರ್ಷಿಸುತ್ತವೆ, ವಿಜಾತಿ ಧ್ರುವಗಳು ಆಕರ್ಷಿಸುತ್ತವೆ. ಒಂದು ಕಬ್ಬಿಣದ ಪಟ್ಟಿ ಕಾಂತವೋ ಅಲ್ಲವೋ ಎಂದು ಪರೀಕ್ಷಿಸಲು ಆಕರ್ಷಣೆ ಸಾಲದು, ಏಕೆಂದರೆ ಸಾದಾ ಕಬ್ಬಿಣವೂ ಆಕರ್ಷಿತವಾಗುತ್ತದೆ. ವಿಕರ್ಷಣೆಯೊಂದೇ ಖಚಿತ ಪರೀಕ್ಷೆ. ಇನ್ನು, ಕಾಂತ ಎಲ್ಲ ಲೋಹಗಳನ್ನೂ ಸೆಳೆಯುತ್ತದೆ ಎಂಬ ತಪ್ಪು ತಿಳಿವಳಿಕೆ ದೊಡ್ಡವರಲ್ಲೂ ಇದೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮತ್ತು ಇವುಗಳ ಕೆಲವು ಮಿಶ್ರಲೋಹಗಳು ಬಲವಾಗಿ ಅಂಟುತ್ತವೆ. ತಾಮ್ರದ ಬಿಂದಿಗೆ, ಹಿತ್ತಾಳೆ ಚೊಂಬು, ಅಲ್ಯುಮಿನಿಯಂ ಪಾತ್ರೆ, ಚಿನ್ನ, ಬೆಳ್ಳಿ ಅಂಟುವುದಿಲ್ಲ. ಸ್ಟೀಲ್ ಪಾತ್ರೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಅಂಟುವುದಿಲ್ಲ. ಎರಡರಲ್ಲೂ ಕಬ್ಬಿಣವೇ ಹೆಚ್ಚು. ವ್ಯತ್ಯಾಸ ಪರಮಾಣುಗಳ ಜೋಡಣೆಯದು.

ಕಾಂತದ ಪ್ರಭಾವ ಹರಡಿರುವ ಸುತ್ತಲಿನ ಪ್ರದೇಶವೇ ಅದರ ಕಾಂತಕ್ಷೇತ್ರ. ಒಂದು ಬಿಂದುವಿನಲ್ಲಿಟ್ಟ ದಿಕ್ಸೂಚಿಯ ಉತ್ತರ ತುದಿ ಯಾವ ಕಡೆ ತಿರುಗುವುದೋ ಅದೇ ಅಲ್ಲಿಯ ಕ್ಷೇತ್ರದ ದಿಕ್ಕು. ಕಾಗದದ ಮೇಲೆ ಚೆಲ್ಲಿದ ಕಬ್ಬಿಣದ ಅರದಪುಡಿ ಕಾಂತದ ಸುತ್ತ ಬಾಗಿದ ಸಾಲುಗಳಾಗಿ ಕೂರುವುದನ್ನು ನೋಡಿ ಮೈಕೇಲ್ ಫ್ಯಾರಡೆ ಬಲರೇಖೆಗಳ ಕಲ್ಪನೆಯನ್ನು ಬೆಳೆಸಿದ. ಈ ರೇಖೆಗಳು ಕಾಂತದ ಹೊರಗೆ ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಸಾಗಿ, ಕಾಂತದ ಒಳಗೆ ದಕ್ಷಿಣದಿಂದ ಉತ್ತರಕ್ಕೆ ಮರಳುತ್ತವೆ. ಆದಿ ಅಂತ್ಯವಿಲ್ಲದ ಮುಚ್ಚಿದ ಕುಣಿಕೆಗಳು ಇವು. ಎರಡು ರೇಖೆಗಳು ಒಂದನ್ನೊಂದು ಕತ್ತರಿಸುವುದಿಲ್ಲ. ಕತ್ತರಿಸಿದರೆ ಆ ಬಿಂದುವಿನಲ್ಲಿ ದಿಕ್ಸೂಚಿ ಏಕಕಾಲಕ್ಕೆ ಎರಡು ದಿಕ್ಕು ತೋರಬೇಕಾದೀತು. ರೇಖೆಗಳು ಒತ್ತಾಗಿರುವ ಕಡೆ ಕ್ಷೇತ್ರ ಪ್ರಬಲ. ಧನ ಮತ್ತು ಋಣ ಆವೇಶಗಳನ್ನು ಬೇರೆಬೇರೆಯಾಗಿ ಪಡೆಯಬಹುದು, ಒಂಟಿ ಕಾಂತಧ್ರುವ ಮಾತ್ರ ಇಂದಿನವರೆಗೆ ಯಾವ ಪ್ರಯೋಗದಲ್ಲೂ ಸಿಕ್ಕಿಲ್ಲ. ಬಲರೇಖೆಗಳು ಎಲ್ಲೂ ಕೊನೆಗೊಳ್ಳದಿರುವುದಕ್ಕೆ ಕಾರಣ ಇದೇ.

ಕಾಂತಕ್ಷೇತ್ರದ ಅಳತೆಯ ಏಕಮಾನ ಟೆಸ್ಲಾ. ಕ್ಷೇತ್ರಕ್ಕೆ ಲಂಬವಾಗಿಟ್ಟ 1 ಮೀಟರ್ ತಂತಿಯಲ್ಲಿ 1 ಆಂಪಿಯರ್ ಹರಿದಾಗ ಅದರ ಮೇಲೆ 1 ನ್ಯೂಟನ್ ಬಲ ಬಿದ್ದರೆ ಆ ಕ್ಷೇತ್ರ 1 ಟೆಸ್ಲಾ. ಇದು ದೊಡ್ಡ ಏಕಮಾನ. ಭೂಮಿಯ ಮೇಲ್ಮೈಯಲ್ಲಿ ಕ್ಷೇತ್ರ 25ರಿಂದ 65 ಮೈಕ್ರೊಟೆಸ್ಲಾ, ಅಂದರೆ ಟೆಸ್ಲಾದ ಹತ್ತು ಲಕ್ಷದಲ್ಲಿ ಅಷ್ಟು ಭಾಗ. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಇರುತ್ತದೆ.

ಭೂಮಿಯ ಕಾಂತತ್ವ

ದಿಕ್ಸೂಚಿಯ ಉತ್ತರ ಧ್ರುವವನ್ನು ಸೆಳೆಯುವ ಕಾರಣ, ಭೂಮಿಯ ಉತ್ತರದಲ್ಲಿರುವುದು ಭೌತಶಾಸ್ತ್ರದ ಲೆಕ್ಕದಲ್ಲಿ ದಕ್ಷಿಣ ಕಾಂತಧ್ರುವ. ಪರೀಕ್ಷೆಗಳಲ್ಲಿ ಮಕ್ಕಳು ಎಡವುವ ಜಾಗ ಇದು. ಈ ಕಾಂತಧ್ರುವ ಭೌಗೋಳಿಕ ಧ್ರುವದ ಮೇಲೆಯೇ ಇಲ್ಲ, ಒಂದೆಡೆ ನಿಲ್ಲುವುದೂ ಇಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಉತ್ತರದಲ್ಲಿ ಗುರುತಿಸಿದ. ಅಲ್ಲಿಂದ ಅದು ಆರ್ಕ್ಟಿಕ್ ಸಾಗರವನ್ನು ಹಾದು ಸೈಬೀರಿಯದ ಕಡೆಗೆ ಸರಿಯುತ್ತ ಬಂದಿದೆ. ದಿಕ್ಸೂಚಿ ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಕೋನ ಊರಿನಿಂದ ಊರಿಗೆ ಬೇರೆ. ಕರ್ನಾಟಕದಲ್ಲಿ ಅದು ಒಂದೆರಡು ಡಿಗ್ರಿಯಷ್ಟೇ ಆದ್ದರಿಂದ ಸಾಮಾನ್ಯ ಬಳಕೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸೂಜಿಯನ್ನು ಮೇಲೆ-ಕೆಳಗೆ ತಿರುಗಲು ಬಿಟ್ಟರೆ ಅದು ನೆಲದ ಕಡೆಗೂ ವಾಲುತ್ತದೆ. ಲಂಡನ್ನಿನಲ್ಲಿ ಈ ವಾಲು 60 ಡಿಗ್ರಿಗಿಂತ ಹೆಚ್ಚು. ಸೂಜಿ ಸಮತಲವಾಗಿಯೇ ನಿಲ್ಲುವ ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ, ಹಾಗಾಗಿ ಕರ್ನಾಟಕದಲ್ಲಿ ವಾಲು ಕಡಿಮೆ.

ಭಾರತದಲ್ಲಿ ಈ ಕ್ಷೇತ್ರವನ್ನು ಅಳೆಯುವ ಕೆಲಸಕ್ಕೆ ದೀರ್ಘ ಇತಿಹಾಸವಿದೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1840ರ ದಶಕದಿಂದ ನಿಯತವಾಗಿ ಅಳತೆ ನಡೆಯಿತು. 1859ರ ಸೆಪ್ಟೆಂಬರ್ ಆರಂಭದಲ್ಲಿ ಸೂರ್ಯನಿಂದ ಚಿಮ್ಮಿದ ಆವೇಶಕಣಗಳು ಎಬ್ಬಿಸಿದ ಕಾಂತೀಯ ಬಿರುಗಾಳಿಯನ್ನು ಕೊಲಾಬಾ ದಾಖಲಿಸಿತು: ಕ್ಷೇತ್ರದ ಸಮತಲ ಘಟಕ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿದಿತ್ತು. ಆ ಘಟನೆಯ ಬಗ್ಗೆ ಇಂದು ಬರೆಯುವ ವಿಜ್ಞಾನಿಗಳು ಈಗಲೂ ಆ ದಾಖಲೆಗೆ ಮರಳುತ್ತಾರೆ. ಮುಂಬಯಿಗೆ ವಿದ್ಯುತ್ ಟ್ರಾಂ ಬರಲಿದೆ ಎಂದಾಗ, ಅದರ ಪ್ರವಾಹ ಉಪಕರಣಗಳನ್ನು ಕೆಡಿಸೀತೆಂದು 1904ರಲ್ಲಿ ಈ ಕೆಲಸವನ್ನು ಕೊಲ್ಲಿಯಾಚೆಯ ಅಲಿಬಾಗಿನಲ್ಲಿ ಕಬ್ಬಿಣ ಬಳಸದೆ ಕಟ್ಟಿದ ಹೊಸ ವೀಕ್ಷಣಾಲಯಕ್ಕೆ ಸಾಗಿಸಿದರು. ಹರಿಯುವ ವಿದ್ಯುತ್ತು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಭಾರತೀಯ ಉದಾಹರಣೆ ಸಿಗುವುದು ಕಷ್ಟ.

ಭೂಮಿಯ ಒಡಲಲ್ಲಿ ದಂಡಕಾಂತವೇನೂ ಹುದುಗಿಲ್ಲ. ಅಲ್ಲಿನ ಶಾಖದಲ್ಲಿ ಯಾವ ಕಬ್ಬಿಣವೂ ಕಾಂತವಾಗಿ ಉಳಿಯಲಾರದು. ಹೊರತಿರುಳಿನ ದ್ರವರೂಪದ ಕಬ್ಬಿಣ-ನಿಕ್ಕಲ್ ಮೇಲೆ-ಕೆಳಗೆ ಹೊರಳಿ ಸುತ್ತುತ್ತಿರುವಾಗ ಅದರಲ್ಲಿ ಹುಟ್ಟುವ ವಿದ್ಯುತ್ ಪ್ರವಾಹಗಳೇ ಭೂಕಾಂತತ್ವದ ಮೂಲ. ಈ ಕ್ಷೇತ್ರ ಹಲವು ಬಾರಿ ತಲೆಕೆಳಗಾಗಿದೆ. ಕೊನೆಯ ಪೂರ್ಣ ತಿರುವು ಸುಮಾರು 7.8 ಲಕ್ಷ ವರ್ಷಗಳ ಹಿಂದೆ ನಡೆದದ್ದು ಲಾವಾ ಶಿಲೆಗಳಲ್ಲಿ ಅಚ್ಚೊತ್ತಿದೆ.

ಪ್ರವಾಹದಿಂದ ಕಾಂತತ್ವ

ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1820ರಲ್ಲಿ, ಪ್ರವಾಹ ಹರಿಯುವ ತಂತಿಯ ಬಳಿಯ ದಿಕ್ಸೂಚಿ ತಿರುಗುವುದನ್ನು ಕಂಡು, ಜುಲೈ 21ರಂದು ಲ್ಯಾಟಿನ್‌ನಲ್ಲಿ ನಾಲ್ಕು ಪುಟಗಳ ವರದಿ ಪ್ರಕಟಿಸಿದ. ವಿಜ್ಞಾನಿಗಳನ್ನು ಬೆರಗುಗೊಳಿಸಿದ್ದು ಸೂಜಿ ತಿರುಗಿದ ದಿಕ್ಕು. ಅದು ತಂತಿಯ ಕಡೆಗೂ ಬರಲಿಲ್ಲ, ದೂರವೂ ಸರಿಯಲಿಲ್ಲ. ತಂತಿಗೆ ಅಡ್ಡವಾಗಿ ನಿಲ್ಲಲು ಹೋಯಿತು. ಅಂದರೆ ಬಲರೇಖೆಗಳು ತಂತಿಯನ್ನು ವೃತ್ತಗಳಾಗಿ ಸುತ್ತುತ್ತವೆ. ಬಲಗೈಯ ಹೆಬ್ಬೆರಳನ್ನು ಪ್ರವಾಹದ ದಿಕ್ಕಿಗೆ ಚಾಚಿ ತಂತಿಯನ್ನು ಹಿಡಿದಂತೆ ಭಾವಿಸಿದರೆ ಉಳಿದ ಬೆರಳುಗಳು ಸುತ್ತುವ ದಿಕ್ಕೇ ಕ್ಷೇತ್ರದ ದಿಕ್ಕು.

ನೇರ ತಂತಿಯ ಕ್ಷೇತ್ರ ಪ್ರವಾಹ ಹೆಚ್ಚಿದಷ್ಟೂ ಹೆಚ್ಚುತ್ತದೆ, ದೂರ ಹೆಚ್ಚಿದಷ್ಟೂ ಕುಗ್ಗುತ್ತದೆ. 1 ಆಂಪಿಯರ್ ಹರಿಯುವ ಉದ್ದ ತಂತಿಯಿಂದ 1 ಸೆಂ.ಮೀ. ದೂರದಲ್ಲಿ ಅದು 20 ಮೈಕ್ರೊಟೆಸ್ಲಾ. ದಕ್ಷಿಣ ಭಾರತದಲ್ಲಿ ಭೂಕ್ಷೇತ್ರದ ಸಮತಲ ಘಟಕ ಸುಮಾರು 40 ಮೈಕ್ರೊಟೆಸ್ಲಾ. ಹಾಗಾದರೆ ಉತ್ತರ-ದಕ್ಷಿಣವಾಗಿ ಚಾಚಿದ ತಂತಿಯ ಕೆಳಗೆ 1 ಸೆಂ.ಮೀ. ಅಂತರದಲ್ಲಿ ದಿಕ್ಸೂಚಿ ಇಟ್ಟರೆ ಸೂಜಿ ಸುಮಾರು 27 ಡಿಗ್ರಿ ತಿರುಗಬೇಕು. ಪ್ರವಾಹ 2 ಆಂಪಿಯರ್ ಆದರೆ 45 ಡಿಗ್ರಿ. ಪ್ರೌಢಶಾಲೆಯ ಮಕ್ಕಳು ತಾವೇ ಅಳೆದು ಹೋಲಿಸಿ ನೋಡಬಹುದಾದ ಲೆಕ್ಕ ಇದು. ತಂತಿಯನ್ನು ಪೂರ್ವ-ಪಶ್ಚಿಮವಾಗಿ ಇಟ್ಟರೆ ಅದರ ಕ್ಷೇತ್ರ ಭೂಕ್ಷೇತ್ರದ ಗೆರೆಯಲ್ಲೇ ಬೀಳುತ್ತದೆ. ಒಂದು ದಿಕ್ಕಿನ ಪ್ರವಾಹಕ್ಕೆ ಸೂಜಿ ಅಲುಗುವುದೇ ಇಲ್ಲ. ಪ್ರಯೋಗ ಫಲಿಸಲಿಲ್ಲ ಎಂದು ಕೈಬಿಡುವ ಮುನ್ನ ಇದನ್ನು ಗಮನಿಸಬೇಕು.

ಅರ್ಸ್ಟೆಡನ ಸುದ್ದಿ ಪ್ಯಾರಿಸ್ ತಲುಪಿದ ಕೆಲವೇ ವಾರಗಳಲ್ಲಿ ಆಂದ್ರೆ-ಮಾರಿ ಆಂಪಿಯರ್ ಇನ್ನೊಂದು ಹೆಜ್ಜೆ ಮುಂದಿಟ್ಟ. ಒಂದೇ ದಿಕ್ಕಿನಲ್ಲಿ ಪ್ರವಾಹ ಹರಿಯುವ ಎರಡು ಸಮಾಂತರ ತಂತಿಗಳು ಆಕರ್ಷಿಸುತ್ತವೆ, ವಿರುದ್ಧ ದಿಕ್ಕಿನವು ವಿಕರ್ಷಿಸುತ್ತವೆ. ಅಲ್ಲಿ ಕಾಂತ ಎಂಬ ವಸ್ತುವೇ ಇಲ್ಲ, ಆದರೂ ಕಾಂತೀಯ ಬಲವಿದೆ. ಹಾಗಿದ್ದ ಮೇಲೆ ಉಕ್ಕಿನ ಕಾಂತದೊಳಗೂ ಕಣ್ಣಿಗೆ ಕಾಣದ ಪುಟ್ಟ ಪ್ರವಾಹಗಳು ಸುತ್ತುತ್ತಿರಬೇಕು ಎಂದು ಆಂಪಿಯರ್ ಊಹಿಸಿದ. ಪರಮಾಣುವಿನ ರಚನೆ ಏನೂ ಗೊತ್ತಿಲ್ಲದ ಕಾಲದಲ್ಲಿ ಮಾಡಿದ ಈ ಊಹೆ ಬಹುಮಟ್ಟಿಗೆ ಸರಿಯಾಗಿತ್ತು. 1948ರಿಂದ 2019ರವರೆಗೆ ಆಂಪಿಯರ್ ಏಕಮಾನದ ವ್ಯಾಖ್ಯೆಯೂ ಸಮಾಂತರ ತಂತಿಗಳ ಈ ಬಲವನ್ನೇ ಆಧರಿಸಿತ್ತು.

ತಂತಿಯನ್ನು ಸುರುಳಿ ಸುತ್ತಿದರೆ ಪ್ರತಿ ಸುತ್ತಿನ ಕ್ಷೇತ್ರವೂ ಒಳಗೆ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತದೆ. ಹೀಗೆ ಒತ್ತಾಗಿ ಸುತ್ತಿದ ಉದ್ದ ಸುರುಳಿಯೇ ಸೊಲೆನಾಯ್ಡ್. ಅದರೊಳಗಿನ ಕ್ಷೇತ್ರ ಎಲ್ಲೆಡೆ ಹೆಚ್ಚುಕಡಿಮೆ ಸಮ, ಹೊರಗಿನದು ದಂಡಕಾಂತದ್ದರಂತೆಯೇ. ಒಳಗೆ ಮೆದುಕಬ್ಬಿಣದ ತಿರುಳನ್ನಿಟ್ಟರೆ ಕ್ಷೇತ್ರ ನೂರಾರು ಪಟ್ಟು ಹೆಚ್ಚಬಹುದು. ಇದು ವಿದ್ಯುತ್ಕಾಂತ. 1825ರಲ್ಲಿ ವಿಲಿಯಂ ಸ್ಟರ್ಜನ್ ಮಾಡಿದ ಸುಮಾರು 200 ಗ್ರಾಮಿನ ಕುದುರೆಲಾಳದಾಕಾರದ ವಿದ್ಯುತ್ಕಾಂತ ಸುಮಾರು 4 ಕೆ.ಜಿ. ಎತ್ತಿತು. ಅವನ ತಂತಿಗೆ ಹೊದಿಕೆ ಇರಲಿಲ್ಲ, ಹಾಗಾಗಿ ಸುತ್ತುಗಳನ್ನು ದೂರದೂರ ಸುತ್ತಬೇಕಾಗಿತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೆ ಹೊದಿಕೆ ಹಾಕಿ, ಪದರದ ಮೇಲೆ ಪದರ ಸುತ್ತಿ, 1831ರ ಹೊತ್ತಿಗೆ ಸುಮಾರು ಒಂದು ಟನ್ ಎತ್ತುವ ವಿದ್ಯುತ್ಕಾಂತ ತಯಾರಿಸಿದ. ಪ್ರವಾಹ ನಿಲ್ಲಿಸಿದೊಡನೆ ಹಿಡಿತ ಬಿಡುವುದೇ ವಿದ್ಯುತ್ಕಾಂತದ ದೊಡ್ಡ ಗುಣ. ಗುಜರಿ ಕಬ್ಬಿಣ ಎತ್ತುವ ಕ್ರೇನು, ಮನೆಯ ಕರೆಗಂಟೆ, ರಿಲೇ, ಶಾರ್ಟ್ ಆದಾಗ ತಟ್ಟನೆ ಬೀಳುವ ಎಂ.ಸಿ.ಬಿ. ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ.

ಬಲ ಮತ್ತು ಮೋಟಾರು

ತಂತಿ ಕಾಂತವನ್ನು ತಳ್ಳುವುದಾದರೆ ಕಾಂತವೂ ತಂತಿಯನ್ನು ತಳ್ಳಬೇಕು. ಪ್ರವಾಹ, ಕ್ಷೇತ್ರ, ಬಲ ಈ ಮೂರೂ ಪರಸ್ಪರ ಲಂಬ. ಎಡಗೈಯ ತೋರುಬೆರಳು ಕ್ಷೇತ್ರವನ್ನೂ ನಡುಬೆರಳು ಪ್ರವಾಹವನ್ನೂ ತೋರಿದರೆ ಹೆಬ್ಬೆರಳು ಬಲದ ದಿಕ್ಕನ್ನು ತೋರುತ್ತದೆ ಎಂಬ ನಿಯಮ ಜಾನ್ ಆಂಬ್ರೋಸ್ ಫ್ಲೆಮಿಂಗನದು. ತಂತಿ ಕ್ಷೇತ್ರದ ಗುಂಟವೇ ಇದ್ದರೆ ಬಲ ಸೊನ್ನೆ. ಒಂಟಿ ಆವೇಶದ ಮೇಲೂ ಬಲ ಅದರ ಚಲನೆಗೆ ಯಾವಾಗಲೂ ಲಂಬವಾಗಿರುವುದರಿಂದ ಕಾಂತಕ್ಷೇತ್ರ ಕಣದ ದಾರಿಯನ್ನು ಬಾಗಿಸಬಲ್ಲದು, ವೇಗವನ್ನು ಹೆಚ್ಚಿಸಲಾರದು.

ಕಾಂತಗಳ ನಡುವೆ ಆಯತಾಕಾರದ ಸುರುಳಿಯನ್ನಿಟ್ಟು ಪ್ರವಾಹ ಹರಿಸಿದರೆ ಒಂದು ಬದಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ತಳ್ಳಲ್ಪಟ್ಟು ಸುರುಳಿ ತಿರುಗುತ್ತದೆ. ಅರ್ಧ ಸುತ್ತಿನ ನಂತರ ಅದು ಹಿಂದಕ್ಕೆ ತಿರುಗದಂತೆ, ಎರಡು ಹೋಳಾದ ಉಂಗುರ ಪ್ರವಾಹದ ದಿಕ್ಕನ್ನು ಅದಲುಬದಲು ಮಾಡುತ್ತದೆ. ಪಠ್ಯಪುಸ್ತಕದ ಮೋಟಾರು ಇದು. ಆಟಿಕೆ ಕಾರಿನಲ್ಲಿ, ಸ್ಕೂಟರಿನ ಸೆಲ್ಫ್ ಸ್ಟಾರ್ಟಿನಲ್ಲಿ ಇರುವುದೂ ಇದೇ ಬಗೆಯದು.

ನಮ್ಮ ಹೊಲಗಳ ಪಂಪ್‌ಸೆಟ್ ಮೋಟಾರು ಬೇರೆ ಜಾತಿ, ಮತ್ತು ಹೆಚ್ಚು ಸುಂದರವಾದದ್ದು. ಅದರಲ್ಲಿ ತಿರುಗುವ ಭಾಗಕ್ಕೆ ಹೊರಗಿನಿಂದ ಯಾವ ತಂತಿಯೂ ಹೋಗುವುದಿಲ್ಲ, ಕಾಂತವೂ ಇಲ್ಲ. ಹೊರಗೋಡೆಯಲ್ಲಿ ಕೂರಿಸಿದ ಮೂರು ತಂಡ ಸುರುಳಿಗಳಲ್ಲಿ ಮೂರು ಫೇಸಿನ ಪ್ರವಾಹಗಳು ಒಂದಾದ ಮೇಲೊಂದು ಏರಿಳಿಯುವುದರಿಂದ, ಏನೂ ಅಲುಗದಿದ್ದರೂ ಕಾಂತಕ್ಷೇತ್ರ ಗಿರಗಿರನೆ ತಿರುಗುತ್ತದೆ. ಎರಡು ಧ್ರುವದ ಮೋಟಾರಿನಲ್ಲಿ, 50 ಹರ್ಟ್ಸ್ ವಿದ್ಯುತ್ತಿಗೆ ಇದು ನಿಮಿಷಕ್ಕೆ 3,000 ಸುತ್ತು. ತಿರುಗುವ ಕ್ಷೇತ್ರ ಒಳಗಿನ ಲೋಹದ ಸರಳುಗಳಲ್ಲಿ ಪ್ರವಾಹ ಪ್ರೇರಿಸಿ, ಅದೇ ಪ್ರವಾಹದ ಮೂಲಕ ಅವನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಒಳಗಿನ ಭಾಗ ಯಾವಾಗಲೂ ತುಸು ಹಿಂದೆಯೇ ಉಳಿಯಬೇಕು. ಸರಿಸಮಕ್ಕೆ ಬಂದರೆ ಅದರ ಪಾಲಿಗೆ ಕ್ಷೇತ್ರ ಬದಲಾಗುವುದು ನಿಂತು, ಪ್ರವಾಹವೂ ಬಲವೂ ಇಲ್ಲವಾಗುತ್ತವೆ. ಒಂದು ಫೇಸ್ ಹೋದರೆ ಕ್ಷೇತ್ರ ತಿರುಗದೆ ಇದ್ದಲ್ಲೇ ಹಿಗ್ಗಿ ಕುಗ್ಗುತ್ತದೆ. ಆಗ ನಿಂತ ಮೋಟಾರು ಏಳದೆ ಗುಂಯ್‌ಗುಡುತ್ತ, ಮಾಮೂಲಿಗಿಂತ ಹಲವು ಪಟ್ಟು ಪ್ರವಾಹ ಎಳೆದುಕೊಂಡು ಕಾಯಿಲ್ ಸುಟ್ಟುಕೊಳ್ಳುತ್ತದೆ. ರಿವೈಂಡಿಂಗ್ ಅಂಗಡಿಗೆ ದುಡ್ಡು ತೆತ್ತ ಪ್ರತಿ ರೈತನ ಅನುಭವದ ಹಿಂದೆ ಈ ಭೌತಶಾಸ್ತ್ರವಿದೆ. ಶಾಲೆಯ ಪಾಠದಲ್ಲಿ ಇದಕ್ಕೆ ಜಾಗ ಇಲ್ಲದಿರುವುದು ಕೊರತೆಯೇ.

ಕಾಂತತ್ವದಿಂದ ವಿದ್ಯುತ್ತು

ಪ್ರವಾಹದಿಂದ ಕಾಂತತ್ವ ಬರುವುದಾದರೆ ಕಾಂತತ್ವದಿಂದ ಪ್ರವಾಹ ಬಾರದೇ? ಹತ್ತು ವರ್ಷ ಹಲವರು ಹುಡುಕಿದರು. ತಂತಿಯ ಪಕ್ಕದಲ್ಲಿ ಪ್ರಬಲ ಕಾಂತವನ್ನಿಟ್ಟು ಕಾದರು, ಏನೂ ಬರಲಿಲ್ಲ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ್ದ ಫ್ಯಾರಡೆ 1831ರ ಆಗಸ್ಟ್ 29ರಂದು ಕಬ್ಬಿಣದ ಉಂಗುರದ ಎರಡು ಬದಿಗೆ ಎರಡು ಸುರುಳಿ ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿದ. ಇನ್ನೊಂದರ ತಂತಿಯ ಬಳಿ ಇಟ್ಟಿದ್ದ ಕಾಂತಸೂಜಿ, ಬ್ಯಾಟರಿ ಜೋಡಿಸಿದ ಕ್ಷಣ ಅಲುಗಿತು, ಮತ್ತೆ ಸೊನ್ನೆಗೆ ಬಂತು. ಬಿಡಿಸಿದ ಕ್ಷಣ ವಿರುದ್ಧ ದಿಕ್ಕಿಗೆ ಅಲುಗಿತು. ಅಕ್ಟೋಬರ್ 17ರಂದು ಬರಿಯ ಕಾಂತವನ್ನು ಸುರುಳಿಯೊಳಗೆ ನುಗ್ಗಿಸಿ, ಹೊರಗೆಳೆದು ಅದೇ ಫಲ ಪಡೆದ. ಜೋಸೆಫ್ ಹೆನ್ರಿಯೂ ಸ್ವತಂತ್ರವಾಗಿ ಇದನ್ನು ಕಂಡುಕೊಂಡಿದ್ದ.

ಹಿಂದಿನವರಿಗೆ ತಪ್ಪಿಹೋಗಿದ್ದು ಬದಲಾವಣೆ ಎಂಬ ಅಂಶ. ನಿಶ್ಚಲ ಕಾಂತ ಎಷ್ಟೇ ಪ್ರಬಲವಾಗಿರಲಿ, ನಿಶ್ಚಲ ಸುರುಳಿಯಲ್ಲಿ ಏನನ್ನೂ ಪ್ರೇರಿಸದು. ಸುರುಳಿಯ ಮೂಲಕ ಹಾಯುವ ಬಲರೇಖೆಗಳ ಮೊತ್ತವನ್ನು ಕಾಂತೀಯ ಅಭಿವಾಹ ಎನ್ನುತ್ತಾರೆ. ಅದು ಎಷ್ಟು ಬೇಗ ಬದಲಾಗುತ್ತದೆಯೋ ಪ್ರೇರಿತ ವೋಲ್ಟೇಜು ಅಷ್ಟು ಹೆಚ್ಚು, ಸುತ್ತುಗಳು ಎಷ್ಟು ಹೆಚ್ಚೋ ಅಷ್ಟು ಪಟ್ಟು. 1834ರಲ್ಲಿ ಹೈನ್ರಿಕ್ ಲೆನ್ಜ್ ದಿಕ್ಕಿನ ನಿಯಮ ಕೊಟ್ಟ: ಪ್ರೇರಿತ ಪ್ರವಾಹ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ. ಸೈಕಲ್ಲಿನ ಡೈನಮೋ ಒತ್ತಿದೊಡನೆ ಪೆಡಲ್ ಭಾರವಾಗುವುದು ಈ ವಿರೋಧದಿಂದ. ವಿರೋಧ ಇಲ್ಲದಿದ್ದರೆ ಶ್ರಮವಿಲ್ಲದೆ ದೀಪ ಉರಿಯಬೇಕಿತ್ತು, ಶಕ್ತಿ ಸಂರಕ್ಷಣೆಯ ನಿಯಮ ಮುರಿದುಬೀಳಬೇಕಿತ್ತು.

ವಿದ್ಯುತ್ ಜನಕ ಈ ಡೈನಮೋದ ಹಿರಿಯ ರೂಪ. ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ 1902ರಲ್ಲಿ ವಿದ್ಯುತ್ ತಯಾರಾಗಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಫ್ಯಾರಡೆಯ ಉಂಗುರಕ್ಕೂ ಕೋಲಾರದ ಗಣಿಗೂ ನಡುವೆ ಎಪ್ಪತ್ತೊಂದು ವರ್ಷ. ಶರಾವತಿಯಲ್ಲಿ ನೀರು, ರಾಯಚೂರಿನಲ್ಲಿ ಕಲ್ಲಿದ್ದಲು, ಕೈಗಾದಲ್ಲಿ ಯುರೇನಿಯಂ, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿ. ಮೂಲ ಯಾವುದಾದರೂ ಕೊನೆಗೆ ಮಾಡುವ ಕೆಲಸ ಸುರುಳಿಗಳ ನಡುವೆ ಕಾಂತವನ್ನು ತಿರುಗಿಸುವುದೇ. ಪಾವಗಡದ ಸೌರಫಲಕಗಳು ಮಾತ್ರ ಈ ಹಾದಿ ಬಿಟ್ಟವು.

ಇಷ್ಟು ದೂರ ವಿದ್ಯುತ್ ಸಾಗಿಸಲು ಪರಿವರ್ತಕ ಬೇಕು. ತಂತಿಯಲ್ಲಿ ಶಾಖವಾಗಿ ಸೋರುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣ. ವೋಲ್ಟೇಜು ಇಮ್ಮಡಿಸಿದರೆ ಅದೇ ಸಾಮರ್ಥ್ಯಕ್ಕೆ ಅರ್ಧ ಪ್ರವಾಹ ಸಾಕು, ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಫ್ಯಾರಡೆಯ ಉಂಗುರವೇ ಮೊದಲ ಪರಿವರ್ತಕ: ಎರಡು ಸುರುಳಿಗಳ ಸುತ್ತುಗಳ ಅನುಪಾತ ಎಷ್ಟೋ ವೋಲ್ಟೇಜುಗಳ ಅನುಪಾತ ಅಷ್ಟು. ಊರಾಚೆ ಕಂಬದ ಮೇಲೆ ಕೂತ ಪರಿವರ್ತಕ, ಅಂದರೆ ಜನರ ಮಾತಿನ ಟಿ.ಸಿ., 11 ಸಾವಿರ ವೋಲ್ಟನ್ನು ಮನೆಯ 230 ವೋಲ್ಟಿಗೆ ಇಳಿಸುತ್ತದೆ. ನೇರ ಪ್ರವಾಹದಲ್ಲಿ ಬದಲಾವಣೆ ಇಲ್ಲದ್ದರಿಂದ ಟಿ.ಸಿ. ಅದಕ್ಕೆ ಒಗ್ಗದು. ಅದರ ಕಬ್ಬಿಣದ ತಿರುಳನ್ನು ತೆಳು ತಗಡುಗಳಿಂದ ಕಟ್ಟುವುದು ತಿರುಳಿನಲ್ಲೇ ಸುಳಿಯುವ ಪ್ರೇರಿತ ಪ್ರವಾಹಗಳನ್ನು ತಗ್ಗಿಸಲು. ಅದೇ ಸುಳಿಪ್ರವಾಹಗಳನ್ನು ಇಂಡಕ್ಷನ್ ಒಲೆಯಲ್ಲಿ ಬೇಕೆಂದೇ ಪಾತ್ರೆಯ ತಳದಲ್ಲಿ ಹುಟ್ಟಿಸುತ್ತಾರೆ. ಕಾಂತ ಅಂಟದ ಪಾತ್ರೆ ಆ ಒಲೆಗೆ ಆಗುವುದಿಲ್ಲ.

ಕಾಂತದ ಒಳಗೆ

ಪರಮಾಣುವಿನ ಪ್ರತಿ ಇಲೆಕ್ಟ್ರಾನೂ ಒಂದು ಅತಿ ಪುಟ್ಟ ಕಾಂತ. ಅದು ಪರಮಾಣುವಿನೊಳಗೆ ಚಲಿಸುವುದರಿಂದ ಒಂದಿಷ್ಟು, ಸ್ಪಿನ್ ಎಂಬ ಸಹಜ ಗುಣದಿಂದ ಇನ್ನಷ್ಟು ಕಾಂತತ್ವ ಬರುತ್ತದೆ. ಬಹುಪಾಲು ವಸ್ತುಗಳಲ್ಲಿ ಇಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಒಂದರದನ್ನೊಂದು ಅಳಿಸಿಹಾಕುತ್ತವೆ. ನೀರು, ತಾಮ್ರ, ಬಿಸ್ಮತ್‌ನಂಥ ಇಂಥ ವಸ್ತುಗಳನ್ನು ಕಾಂತ ಅತಿ ಮೆಲ್ಲಗೆ ದೂರ ತಳ್ಳುತ್ತದೆ. 1997ರಲ್ಲಿ ನೆದರ್ಲೆಂಡ್ಸಿನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಸುಮಾರು 16 ಟೆಸ್ಲಾ ಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ತೇಲಿಸಿದ್ದು ಈ ವಿಕರ್ಷಣೆಯಿಂದಲೇ. ಅಲ್ಯುಮಿನಿಯಂ, ಆಮ್ಲಜನಕಗಳಂಥವು ಮೆಲ್ಲಗೆ ಸೆಳೆಯಲ್ಪಡುತ್ತವೆ. ಹರಳುಗಳಲ್ಲಿ ಕಾಂತಗುಣ ದಿಕ್ಕಿನಿಂದ ದಿಕ್ಕಿಗೆ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಸೂಕ್ಷ್ಮವಾಗಿ ಅಳೆದವರಲ್ಲಿ ಭಾರತದ ಕೆ. ಎಸ್. ಕೃಷ್ಣನ್ ಪ್ರಮುಖರು.

ಕಬ್ಬಿಣದಲ್ಲಿ ನೆರೆಯ ಪರಮಾಣುಗಳ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುವ ಒಲವು ತೋರುತ್ತವೆ. ಹೀಗೆ ಒಮ್ಮುಖವಾದ ಅಸಂಖ್ಯ ಪರಮಾಣುಗಳ ಗುಂಪುಗಳಿಗೆ ವಲಯಗಳೆಂದು ಹೆಸರು. ಈ ಕಲ್ಪನೆಯನ್ನು 1907ರಲ್ಲಿ ಪಿಯರ್ ವೈಸ್ ಮುಂದಿಟ್ಟ. ಸಾದಾ ಮೊಳೆಯಲ್ಲಿ ಪ್ರತಿ ವಲಯವೂ ಪೂರ್ಣ ಕಾಂತವೇ, ಆದರೆ ವಲಯಗಳ ದಿಕ್ಕು ಬೇರೆಬೇರೆಯಾಗಿ ಒಟ್ಟು ಫಲ ಸೊನ್ನೆಯಾಗುತ್ತದೆ. ಕಾಂತದಿಂದ ಒಂದೇ ಕಡೆಗೆ ಉಜ್ಜಿದಾಗ ಅನುಕೂಲ ದಿಕ್ಕಿನ ವಲಯಗಳು ಬೆಳೆಯುತ್ತವೆ, ಉಳಿದವು ಕುಗ್ಗುತ್ತವೆ. ಮೆದುಕಬ್ಬಿಣದಲ್ಲಿ ಅವು ಸುಲಭವಾಗಿ ಸರಿದು ಸುಲಭವಾಗಿ ಮರಳುತ್ತವೆ, ಆದ್ದರಿಂದ ವಿದ್ಯುತ್ಕಾಂತಕ್ಕೆ ಅದು ತಕ್ಕದ್ದು. ಗಟ್ಟಿ ಉಕ್ಕಿನಲ್ಲಿ ಸರಿಯುವುದೂ ಕಷ್ಟ, ಮರಳುವುದೂ ಕಷ್ಟ. ಅದು ಶಾಶ್ವತ ಕಾಂತಕ್ಕೆ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಕಾಂತಗಳು ಎಷ್ಟು ಬಲವಾದವೆಂದರೆ ಇಯರ್‌ಫೋನಿನಿಂದ ವಿದ್ಯುತ್ ವಾಹನದವರೆಗೆ ಎಲ್ಲೆಡೆ ಹರಡಿವೆ. ಪುಟ್ಟ ಮಕ್ಕಳು ಇಂಥ ಎರಡು ಕಾಂತಗಳನ್ನು ನುಂಗಿದರೆ ಅವು ಕರುಳಿನ ಗೋಡೆಯ ಮೂಲಕ ಅಂಟಿಕೊಂಡು ಪ್ರಾಣಾಪಾಯ ತರಬಲ್ಲವು.

ಕಾಯಿಸಿದಾಗ ಪರಮಾಣುಗಳ ಕುಣಿತ ಹೆಚ್ಚಿ ಈ ಶಿಸ್ತು ಕುಸಿಯುತ್ತದೆ. ಕಬ್ಬಿಣಕ್ಕೆ ಈ ಮಿತಿ 770 ಡಿಗ್ರಿ ಸೆಲ್ಸಿಯಸ್. ಇದನ್ನು ಅಧ್ಯಯನ ಮಾಡಿದ ಪಿಯರ್ ಕ್ಯೂರಿಯ ಹೆಸರೇ ಅದಕ್ಕಿದೆ. ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುವುದಾದರೂ ಏಕೆ ಎಂಬುದಕ್ಕೆ ನ್ಯೂಟನ್ನನ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಹಳೆಯ ನಿಯಮಗಳಷ್ಟನ್ನೇ ನಂಬಿದರೆ ವಸ್ತುಗಳಲ್ಲಿ ಕಾಂತತ್ವ ಇರಲೇಕೂಡದು ಎಂದು 1911ರಲ್ಲಿ ನೀಲ್ಸ್ ಬೋರ್, 1919ರಲ್ಲಿ ಯೋಹಾನ್ನಾ ಫಾನ್ ಲೇವೆನ್ ತೋರಿಸಿದರು. ಆರನೇ ತರಗತಿಯ ಮಗು ಹಿಡಿದ ದಂಡಕಾಂತವನ್ನು ವಿವರಿಸಲು ಕ್ವಾಂಟಂ ಸಿದ್ಧಾಂತವೇ ಬರಬೇಕಾಯಿತು.

ಅಲೆಗಳು

ಫ್ಯಾರಡೆಗೆ ಗಣಿತ ಹೆಚ್ಚು ತಿಳಿದಿರಲಿಲ್ಲ. ಅವನ ಬಲರೇಖೆಗಳನ್ನು ಸಮೀಕರಣಗಳಾಗಿಸಿದವನು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಬದಲಾಗುವ ವಿದ್ಯುತ್‌ಕ್ಷೇತ್ರವೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ ಎಂಬ ಹೊಸ ಅಂಶವನ್ನು ಸೇರಿಸಿದಾಗ, ಎರಡೂ ಒಂದನ್ನೊಂದು ಹುಟ್ಟಿಸುತ್ತ ಶೂನ್ಯದಲ್ಲೂ ಸಾಗುವ ಅಲೆ ಲೆಕ್ಕದಲ್ಲಿ ಮೂಡಿತು. ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ., ಅಂದರೆ ಬೆಳಕಿನದೇ ವೇಗ. ಬೆಳಕೂ ವಿದ್ಯುತ್ಕಾಂತೀಯ ಅಲೆ ಎಂದು 1865ರ ಅವನ ಪ್ರಬಂಧ ಸಾರಿತು. ಹೈನ್ರಿಕ್ ಹರ್ಟ್ಸ್ 1887-88ರಲ್ಲಿ ಇಂಥ ಅಲೆಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿದ. 1895ರಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಇನ್ನೂ ಕಿರಿದಾದ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದರು.

ಕಲಿಸುವವರಿಗೆ

ಈ ಪಾಠವನ್ನು ಕಪ್ಪುಹಲಗೆಯ ಮೇಲಿನ ಕೈಬೆರಳ ನಿಯಮಗಳಿಗೆ ಇಳಿಸಿಬಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಇಲ್ಲಿಯ ಮುಖ್ಯ ಪ್ರಯೋಗಗಳಿಗೆ ಬೇಕಾದದ್ದು ಒಂದು ಟಾರ್ಚ್ ಸೆಲ್, ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ತಂತಿ ಎರಡು ಮೀಟರ್, ಕಬ್ಬಿಣದ ಮೊಳೆ, ದಿಕ್ಸೂಚಿ, ಒಂದು ಕಾಂತ. ತಂತಿಯ ಎರಡೂ ತುದಿಯ ಎನಾಮಲನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಪ್ರವಾಹ ಹರಿಯದು. ಸೆಲ್ಲಿಗೆ ತಂತಿಯನ್ನು ಕೆಲವೇ ಸೆಕೆಂಡು ತಾಗಿಸಬೇಕು, ಇಲ್ಲದಿದ್ದರೆ ಎರಡೂ ಬಿಸಿಯಾಗುತ್ತವೆ. ಇವನ್ನು ಪ್ರತಿ ಮಗುವಿನ ಕೈಗೆ ಕೊಡಿ, ಮೊದಲು ಅವರೇ ನೋಡಲಿ, ನಿಯಮ ಆಮೇಲೆ ಬರಲಿ. ಗೋಡೆಯ ಪ್ಲಗ್ಗಿನ 230 ವೋಲ್ಟನ್ನು ಮಾತ್ರ ಇಂಥ ಯಾವ ಪ್ರಯೋಗಕ್ಕೂ ಬಳಸಕೂಡದು.